ಬಸುರಿಯ ಕಾಮಾಲೆ
(ಬಾನುಲಿ ಭಾಷಣ)

ಬಸುರಿಯನ್ನು ಕುರಿತು ನಮ್ಮ ಮನೆಗಳಲ್ಲಿ ‘ಎರಡು ಜೀವದವಳು’ ಎಂದು ಹೇಳುವ ವಾಡಿಕೆಯುಂಟು. ಸುಶ್ರುತ ಸಂಹಿತೆ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯ ವ್ಯಕ್ತವಾಗುತ್ತದೆ. ಆಗ ತಾಯಿ ಎರಡು ಹೃದಯಗಳವಳಾಗುತ್ತಾಳೆ. ಆದಕಾರಣ ಅವಳು ದೌಹೃದಿನಿ. ಬಸುರಿಯ ಬಯಕೆಗೆ ನಮ್ಮ ಕವಿಗಳು ಬಳಸಿದ ದೋಹಳ ಎಂಬ ಪದ ಇದೇ ಕುಲಕ್ಕೆ ಸೇರಿದ್ದು. ಎರಡು ಜೀವಗಳು ಒಂದೇ ದೇಹದಲ್ಲಿ ಒಂಬತ್ತು ತಿಂಗಳು ಬಾಳುವುದು ಹೇಗೆ, ತಾಯಿಯ ಯಕೃತ್ತಿಗೆ ರೋಗ ತಗುಲಿದಾಗ ಈ ಬಾಳುವೆ ಏಕೆ ಒಮ್ಮೊಮ್ಮೆ ಇಷ್ಟು ಭಯಂಕರವಾಗಿ ಮುರಿದುಬೀಳುತ್ತದೆ ಎಂಬುದು ಇಂದಿನ ಮಾತಿನ ವಿಷಯ. ನಾನು ವೈದ್ಯನಲ್ಲ. ಭಾಷೆಯನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯದ ಬಾಗಿಲಲ್ಲಿಯೇ ಒಂದು ಭಾಷೆಯ ತೊಡಕು ಕುಳಿತಿದೆ. ಅದನ್ನು ಬಿಡಿಸುವುದರಿಂದಲೇ ಪ್ರಾರಂಭಿಸುತ್ತೇನೆ.

ದೇಹ ತನ್ನನ್ನು ರೋಗಗಳಿಂದ ಕಾಪಾಡಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ನಾವು ‘ರೋಗನಿರೋಧಕ ಶಕ್ತಿ’ ಎಂದು ಕರೆದೆವು. ಪದವೇನೋ ಚೆನ್ನಾಗಿದೆ, ಬೇಗ ಬಳಕೆಗೂ ಬಂತು. ಆದರೆ ಶಕ್ತಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಹೆಚ್ಚು ಮತ್ತು ಕಡಿಮೆ ಎಂಬ ಎರಡೇ ಅಳತೆಗಳು ಉಳಿಯುತ್ತವೆ. ಶಕ್ತಿ ಹೆಚ್ಚಿದ್ದರೆ ಆರೋಗ್ಯ, ಕಡಿಮೆಯಾದರೆ ರೋಗ. ಕಡಿಮೆಯಾಗಿದ್ದರೆ ಟಾನಿಕ್ ಕುಡಿಯಬೇಕು, ಲೇಹ್ಯ ತಿನ್ನಬೇಕು. ಅಂಗಡಿಯವರು ಈ ಪದಕ್ಕೆ ಎಷ್ಟು ಋಣಿಗಳಾಗಿರಬೇಕೆಂದು ನಾನು ಆಗಾಗ ಯೋಚಿಸಿದ್ದೇನೆ. ಬಸುರಿಯ ಕಾಮಾಲೆ ಏಕೆ ಮಾರಕವೆಂದು ಕೇಳಿದರೆ, ‘ಬಸಿರಿನಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿರುತ್ತದೆ, ಅದಕ್ಕೆ’ ಎಂಬ ಉತ್ತರ ಓದಿದವರಿಂದಲೂ ಬರುತ್ತದೆ. ಈ ಉತ್ತರ ಪೂರ್ತಿ ತಪ್ಪಲ್ಲದಿದ್ದರೂ ನಮ್ಮನ್ನು ದಾರಿ ತಪ್ಪಿಸುವಂಥದು. ನಿಜವಾಗಿ ಅದು ಒಂದು ಶಕ್ತಿಯಲ್ಲ, ಒಂದು ವ್ಯವಸ್ಥೆ. ತನ್ನವರಾರು, ಪರರಾರು, ಪರರಲ್ಲಿಯೂ ಸಹಿಸತಕ್ಕವರಾರು, ಹೊರಹಾಕತಕ್ಕವರಾರು ಎಂದು ನಿರ್ಣಯಿಸುವ ವಿವೇಕ ಎಂದರೂ ಸಲ್ಲುತ್ತದೆ.

ಬಸಿರು ಈ ವಿವೇಕಕ್ಕೆ ಒದಗುವ ಅತಿ ಕಠಿಣವಾದ ಪರೀಕ್ಷೆ. ಗರ್ಭದಲ್ಲಿರುವ ಶಿಶು ಅರ್ಧ ತಾಯಿಯದು, ಅರ್ಧ ತಂದೆಯದು. ತಂದೆಯ ಚರ್ಮದ ಒಂದು ತುಣುಕನ್ನು ತಂದು ತಾಯಿಯ ತೋಳಿಗೆ ಹಚ್ಚಿದರೆ ಕೆಲವೇ ದಿನಗಳಲ್ಲಿ ಅವಳ ದೇಹ ಅದನ್ನು ತಿರಸ್ಕರಿಸಿ ಉದುರಿಸಿಬಿಡುತ್ತದೆ. ಅದೇ ದೇಹ ಆ ತಂದೆಯ ಅರ್ಧಾಂಶವನ್ನು ಹೊತ್ತ ಶಿಶುವನ್ನು ಒಂಬತ್ತು ತಿಂಗಳು ಸಾಕುತ್ತದೆ. ಇದೆಂತಹ ವಿರೋಧಾಭಾಸ ಎಂದು 1953ರಲ್ಲಿ ಗಟ್ಟಿಯಾಗಿ ಕೇಳಿದವರು ಇಂಗ್ಲೆಂಡಿನ ಪೀಟರ್ ಮೆಡಾವರ್. ಮುಂದೆ 1960ರಲ್ಲಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ. ಬಹು ಸೊಗಸಾದ ಗದ್ಯವನ್ನು ಬರೆದವರೂ ಹೌದು. ಅವರು ಮೂರು ಊಹೆಗಳನ್ನು ಮುಂದಿಟ್ಟರು: ತಾಯಿಗೂ ಶಿಶುವಿಗೂ ನಡುವೆ ಗೋಡೆಯೊಂದು ಇರಬೇಕು, ಅಥವಾ ಶಿಶು ಇನ್ನೂ ಎಳೆಯದಾದ್ದರಿಂದ ಅದರ ಪರಕೀಯತೆ ಎದ್ದು ಕಾಣುತ್ತಿರಲಾರದು, ಅಥವಾ ತಾಯಿಯ ರಕ್ಷಣಾ ವ್ಯವಸ್ಥೆಯೇ ಆ ಕಾಲದಲ್ಲಿ ಮಂದವಾಗಿರಬೇಕು. ಮೂರನೆಯ ಊಹೆಯೇ ಜನರ ಬಾಯಲ್ಲಿ ನಿಂತಿತು.

ಆದರೆ ತಾಯಿ ಮಂದವಾಗಿಲ್ಲ. ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಡುತ್ತೇವಲ್ಲವೆ? ಅವಳ ದೇಹ ಅದಕ್ಕೆ ಚೆನ್ನಾಗಿ ಓಗೊಟ್ಟು ಪ್ರತಿಕಾಯಗಳನ್ನು ತಯಾರಿಸುತ್ತದೆ. ತಾನು ಬಳಸಿಕೊಳ್ಳುವುದಲ್ಲದೆ ಮಾಸಿನ ಮೂಲಕ ಮಗುವಿಗೂ ಕಳುಹಿಸಿಕೊಡುತ್ತದೆ. ಹುಟ್ಟಿದ ಮಗು ಮೊದಲ ಕೆಲವು ತಿಂಗಳು ಬಾಳುವುದು ಈ ತವರಿನ ಬುತ್ತಿಯಿಂದಲೇ. ಮಂದಬುದ್ಧಿಯ ವ್ಯವಸ್ಥೆಗೆ ಇದು ಸಾಧ್ಯವಿತ್ತೆ? ಈ ಮಾಸು ಎಂಬುದನ್ನು ಪಠ್ಯಪುಸ್ತಕಗಳು ಜರಾಯು ಎನ್ನುತ್ತವೆ. ಹೆರಿಗೆಯಾದ ಮೇಲೆ ಹೂಳಿಬಿಡುವ ಕಸವೆಂದು ನಾವು ತಿಳಿದ ಈ ಅಂಗ ಬಹು ಜಾಣ ಅಂಗ. ತಾಯಿಯ ರಕ್ತಕ್ಕೆ ತಗುಲಿಕೊಂಡೇ ಇದ್ದರೂ ಅದರ ಹೊರಪದರದ ಜೀವಕೋಶಗಳು ತಂದೆಯ ಗುರುತುಗಳನ್ನು ಎದ್ದು ತೋರಿಸುವುದಿಲ್ಲ. ಬದಲಿಗೆ, ಸುಮ್ಮನಿರು ಎಂದು ತಾಯಿಯ ಬಿಳಿ ರಕ್ತಕಣಗಳಿಗೆ ಹೇಳುವ ಬೇರೊಂದು ಗುರುತನ್ನು ಮುಂದೆ ಹಿಡಿಯುತ್ತವೆ. ಗರ್ಭಕೋಶದ ಗೋಡೆಯಲ್ಲಿ ಕೊಲೆಗಡುಕವೆಂದು ಹೆಸರು ಪಡೆದ ಒಂದು ಜಾತಿಯ ಬಿಳಿ ಕಣಗಳು ಗುಂಪುಗೂಡುತ್ತವೆ. ಕೊಲ್ಲುವುದಕ್ಕಲ್ಲ, ಮಾಸಿಗೆ ರಕ್ತ ಹರಿದುಬರುವ ನಾಳಗಳನ್ನು ಅಗಲಮಾಡುವ ಕೆಲಸದಲ್ಲಿ ಕೈಜೋಡಿಸುವುದಕ್ಕೆ. ಪ್ರೊಜೆಸ್ಟರಾನ್ ಮೊದಲಾದ ಹಾರ್ಮೋನುಗಳು ಏರುತ್ತಿದ್ದಂತೆ ಇಡೀ ದೇಹದಲ್ಲಿ ಜೀವಕೋಶಗಳನ್ನು ನೇರವಾಗಿ ಹೊಡೆಯುವ ದಳಗಳು ಒಂದಿಷ್ಟು ಹಿಂದೆ ಸರಿಯುತ್ತವೆ, ಪ್ರತಿಕಾಯಗಳನ್ನು ತಯಾರಿಸುವ ದಳಗಳು ಮುಂದೆ ಬರುತ್ತವೆ. ಸೇನೆ ಚದುರಿಲ್ಲ, ವ್ಯೂಹ ಬದಲಾಗಿದೆ.

ಇನ್ನು ಯಕೃತ್ತಿನ ಮಾತು. ಅಡುಗೆಮನೆಯ ಕನ್ನಡದಲ್ಲಿ ಇದಕ್ಕೆ ಈಲಿ ಎಂಬ ಚಿಕ್ಕ ಚೊಕ್ಕ ಹೆಸರಿದೆ. ಬಲಪಕ್ಕೆಯ ಎಲುಬುಗಳ ಮರೆಯಲ್ಲಿ ಕುಳಿತ, ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗ ಪಿತ್ತವನ್ನು ಸುರಿಸುತ್ತದೆ, ಸಕ್ಕರೆಯನ್ನು ಕೂಡಿಡುತ್ತದೆ, ವಿಷವನ್ನು ಕಳೆಯುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ತಯಾರಿಸುತ್ತದೆ. ಕೊನೆಯದನ್ನು ನೆನಪಿನಲ್ಲಿಡಿ, ಹೆರಿಗೆಯ ಹೊತ್ತಿನಲ್ಲಿ ಅದೇ ಪ್ರಾಣವುಳಿಸುವಂಥದು. ಇಷ್ಟನ್ನು ಎಲ್ಲರೂ ಬಲ್ಲರು. ಅಷ್ಟಾಗಿ ತಿಳಿಯದ ಸಂಗತಿಯೆಂದರೆ ಯಕೃತ್ತು ಕೂಡ ಗರ್ಭಕೋಶದಂತೆಯೇ ಸಹನೆಯನ್ನು ಕಲಿತ ಜಾಗ. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಇಲ್ಲಿಗೆ ಬರುತ್ತದೆ. ಅದರಲ್ಲಿ ಅನ್ನದ ಸಾರವಿರುತ್ತದೆ, ಕರುಳಿನ ಅಸಂಖ್ಯ ಸೂಕ್ಷ್ಮಾಣುಗಳ ಚೂರುಪಾರೂ ಇರುತ್ತವೆ. ಬಂದ ಪ್ರತಿಯೊಂದು ಪರದ್ರವ್ಯದ ಮೇಲೂ ಯುದ್ಧ ಸಾರಿದರೆ ಯಕೃತ್ತು ಒಂದು ದಿನವೂ ಉಳಿಯದು. 1876ರಲ್ಲಿ ಜರ್ಮನಿಯ ಕುಪ್ಫರ್ ಗುರುತಿಸಿದ ಕಾವಲುಕೋಶಗಳು ಇಲ್ಲಿ ಕುಳಿತು ನುಂಗತಕ್ಕದ್ದನ್ನು ನುಂಗುತ್ತವೆ, ಸಹಿಸತಕ್ಕದ್ದನ್ನು ಸಹಿಸುತ್ತವೆ. ಇಂಗ್ಲೆಂಡಿನ ಶಸ್ತ್ರವೈದ್ಯ ರಾಯ್ ಕಾಲ್ನ್ ಮತ್ತು ಅವರ ಸಂಗಡಿಗರು, ಒಂದು ಹಂದಿಯ ಯಕೃತ್ತನ್ನು ಇನ್ನೊಂದಕ್ಕೆ ಕಸಿಮಾಡಿದರೆ ಹಲವು ಸಲ ದೇಹ ಅದನ್ನು ತಿರಸ್ಕರಿಸದೆ ಒಪ್ಪಿಕೊಂಡುಬಿಡುತ್ತದೆ ಎಂಬುದನ್ನು 1969ರಲ್ಲಿ ಪ್ರಕಟಿಸಿದಾಗ ವೈದ್ಯಲೋಕ ಬೆರಗಾಯಿತು.

ಬಸಿರು ಮತ್ತು ಕಾಮಾಲೆಗಳು ರಕ್ಷಣಾ ವ್ಯವಸ್ಥೆಯ ವಿಚಾರದಲ್ಲಿ ಒಮ್ಮೆ ಒಟ್ಟಿಗೆ ಕಾಣಿಸಿಕೊಂಡ ಕಥೆಯೊಂದಿದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು 1929ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಕೀಲುವಾತದಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಕಾಮಾಲೆ ತಗುಲಿತು. ತಗುಲಿದೊಡನೆ ಕೀಲುನೋವು ಇಳಿಯಿತು. ಮುಂದೆ ಅದೇ ರೋಗದ ಹೆಂಗಸರು ಬಸುರಾದಾಗಲೂ ನೋವು ಇಳಿಯುವುದನ್ನು ಕಂಡರು. ಕೀಲುವಾತವೆಂದರೆ ದೇಹ ತನ್ನ ಕೀಲುಗಳನ್ನೇ ಪರಕೀಯವೆಂದು ಭ್ರಮಿಸಿ ಹೊಡೆಯುವ ರೋಗ. ಈ ಎರಡು ಸ್ಥಿತಿಗಳಿಗೂ ಸಮಾನವಾದ ಯಾವುದೋ ದ್ರವ್ಯ ದೇಹದಲ್ಲಿ ಹುಟ್ಟುತ್ತಿರಬೇಕೆಂದು ಊಹಿಸಿ ಅದರ ಬೆನ್ನುಹತ್ತಿದ ಹೆಂಚ್ ಕೊನೆಗೆ ತಲಪಿದ್ದು ಕಾರ್ಟಿಸೋನಿಗೆ. 1948ರಲ್ಲಿ ಅದನ್ನು ಮೊದಲ ರೋಗಿಗೆ ಕೊಟ್ಟರು. 1950ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ದೇಹವು ಯಕೃತ್ತನ್ನೇ ಹೊಡೆಯುವ ಇನ್ನೊಂದು ರೋಗವುಂಟು. ಅದು ಕೂಡ ಬಸಿರಿನಲ್ಲಿ ಎಷ್ಟೋ ಸಲ ತಣ್ಣಗಾಗಿ, ಹೆರಿಗೆಯಾದ ಕೆಲವೇ ತಿಂಗಳಲ್ಲಿ ಮತ್ತೆ ಕೆರಳುತ್ತದೆ. ಹಿಂದೆ ಸರಿದ ದಳಗಳು ಬಾಣಂತಿಯಲ್ಲಿ ಮರಳಿ ಬರುವ ಹೊತ್ತದು. ಅಂಥ ರೋಗವಿದ್ದವರು ಹೆರಿಗೆ ಸುಖವಾಗಿ ಆಯಿತೆಂದು ವೈದ್ಯರ ಬಳಿ ಹೋಗುವುದನ್ನು ನಿಲ್ಲಿಸಬಾರದು.

ಹಾಗಾದರೆ ಯೋಚಿಸಿ. ಬಸಿರು ಇಂಥ ಉರಿಯನ್ನು ತಣಿಸುವುದಾದರೆ, ಬಸುರಿಯ ಕಾಮಾಲೆ ಸೌಮ್ಯವಾಗಿರಬೇಕಾಗಿತ್ತಲ್ಲವೆ? ಏಕೆಂದರೆ ಹೆಪಟೈಟಿಸ್ ವೈರಸ್ಸುಗಳು ಬಹುಮಟ್ಟಿಗೆ ತಾವೇ ಯಕೃತ್ತಿನ ಕೋಶಗಳನ್ನು ಕೊಲ್ಲುವುದಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ಹೊಡೆದುಹಾಕುವುದು ನಮ್ಮದೇ ರಕ್ಷಕ ಕಣಗಳು. ಆದರೆ ನಡೆದದ್ದೇನು?

1955ರ ಮಳೆಗಾಲದ ಕೊನೆಯಲ್ಲಿ ದೆಹಲಿಯ ಯಮುನೆಗೆ ಪ್ರವಾಹ ಬಂತು. ಪ್ರವಾಹ ಇಳಿದಾಗ ನದಿ ತನ್ನ ಹರಿವನ್ನು ಬದಲಿಸಿತ್ತು. ನಜಫ್‌ಗಢ ಚರಂಡಿಯ ಕೊಳಚೆ ಹಿಮ್ಮುಖವಾಗಿ ವಜೀರಾಬಾದಿನ ನೀರೆತ್ತುವ ಸ್ಥಾವರದ ಬಾಯಿಗೆ ಬಂದು ನಿಂತಿತು. ನೀರಿಗೆ ಕ್ಲೋರಿನ್ ಹೆಚ್ಚಿಸಿದರು. ಟೈಫಾಯಿಡ್ ಏರಲಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟಿರಬೇಕು. ಆದರೆ ಡಿಸೆಂಬರ್‌ನಿಂದ ಜನವರಿಯವರೆಗೆ ಸುಮಾರು 29 ಸಾವಿರ ಜನರಿಗೆ ಕಾಮಾಲೆ ತಗುಲಿತು. ವಿಶ್ವನಾಥನ್ ಅವರು ಇದರ ವಿವರವಾದ ವರದಿಯನ್ನು ಬರೆದರು. ಸತ್ತವರಲ್ಲಿ ಬಸುರಿಯರ ಪಾಲು ಎದ್ದುಕಾಣುವಂತಿತ್ತು. ಆಗ ಎಲ್ಲರೂ ಇದನ್ನು ಈಗ ನಾವು ‘ಎ’ ಎಂದು ಕರೆಯುವ ಜಾತಿಯ ಹೆಪಟೈಟಿಸ್ ಎಂದೇ ಭಾವಿಸಿದ್ದರು. ಕಾಪಾಡಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಹಾಗಲ್ಲವೆಂದು ಖಚಿತವಾದದ್ದು 1980ರಲ್ಲಿ.

ಅಷ್ಟರಲ್ಲಿ ಕಾಶ್ಮೀರದಲ್ಲಿ ಇನ್ನೊಂದು ಮಾರಿ ಬಂದುಹೋಗಿತ್ತು. 1978ರ ನವೆಂಬರಿನಿಂದ ಗುಲ್ಮರ್ಗ್ ಮತ್ತು ಸೋಪೋರ್‌ಗಳ ನಡುವಣ ಹಳ್ಳಿಗಳಲ್ಲಿ ಕಾಮಾಲೆ ಹರಡಿತು. ಸುಮಾರು 52 ಸಾವಿರ ಜನ ಹಾಸಿಗೆ ಹಿಡಿದರು, ಸುಮಾರು 1,700 ಜನ ಸತ್ತರು ಎಂದು ಅಂದಾಜು. ಮೊಹಮ್ಮದ್ ಸುಲ್ತಾನ್ ಖುರೂ ಎಂಬ ತರುಣ ವೈದ್ಯರು ಆ ಚಳಿಯಲ್ಲಿ ಹಳ್ಳಿಹಳ್ಳಿ ತಿರುಗಿ ಲೆಕ್ಕ ಬರೆದುಕೊಂಡರು. ಅವರು 1981ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಬಸುರಿಯರಲ್ಲಿ ನೂರಕ್ಕೆ ಹದಿನೇಳು ಮಂದಿಗೆ ಕಾಮಾಲೆ ತಗುಲಿತ್ತು, ಬಸುರಲ್ಲದ ಅದೇ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಇಬ್ಬರಿಗೆ. ಕಾಮಾಲೆ ತಗುಲಿದ ಬಸುರಿಯರಲ್ಲಿ ನೂರಕ್ಕೆ ಇಪ್ಪತ್ತೆರಡರಷ್ಟು ಮಂದಿಯ ಯಕೃತ್ತು ದಿಢೀರನೆ ಸೋತು ಹೋಯಿತು. ಬಸುರಲ್ಲದ ಹೆಂಗಸರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಒಂದೇ ಹಳ್ಳಿ, ಒಂದೇ ನೀರು. ಈ ಲೆಕ್ಕವನ್ನು ಓದಿದ ಮೇಲೆ ವಿಷಯವನ್ನು ಕುತೂಹಲಕ್ಕಾಗಿ ಓದುವುದು ನನಗೆ ಸಾಧ್ಯವಾಗಲಿಲ್ಲ.

ವೈರಸ್ಸನ್ನು ಕಣ್ಣಿಗೆ ಕಾಣಿಸಿದವರು ರಷ್ಯದ ಮಿಖಾಯಿಲ್ ಬಲಯಾನ್. ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರಲ್ಲಿ ಹಬ್ಬಿದ ಕಾಮಾಲೆಯ ಮೂಲವನ್ನು ಹುಡುಕುತ್ತಿದ್ದ ಅವರು ಒಂಬತ್ತು ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾವೇ ಕುಡಿದುಬಿಟ್ಟರು. ಮೂವತ್ತಾರನೆಯ ದಿನ ಅವರಿಗೆ ಜೋರಾಗಿ ಕಾಮಾಲೆ ಬಂತು. ತಮ್ಮದೇ ಮಲದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಆ ವೈರಸ್ಸಿನ ಕಣಗಳನ್ನು ಕಂಡು 1983ರಲ್ಲಿ ಪ್ರಕಟಿಸಿದರು. ಶಾಸ್ತ್ರಕ್ಕಾಗಿ ವಿಷ ಕುಡಿದವರ ಸಾಲಿನಲ್ಲಿ ಇವರದೂ ಒಂದು ಹೆಸರು. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಅದರ ವಂಶದ್ರವ್ಯವನ್ನು ಬಿಡಿಸಿದ ಮೇಲೆ ‘ಹೆಪಟೈಟಿಸ್ ಇ’ ಎಂಬ ಹೆಸರು ನಿಂತಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಈ ರೋಗ ತಗುಲಿದ ತಾಯಂದಿರಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರವರೆಗೂ ಸಾವು ಸಂಭವಿಸಬಹುದು. ಸಾಮಾನ್ಯ ಜನರಿಗೆ ಇದೇ ರೋಗ ಕೆಲವು ವಾರಗಳಲ್ಲಿ ತಾನಾಗಿ ಇಳಿದುಹೋಗುವಂಥದು.

ಈಗ ಆ ‘ಶಕ್ತಿ ಕಡಿಮೆ’ ಎಂಬ ಉತ್ತರವನ್ನು ಪರೀಕ್ಷೆಗೆ ಇಡೋಣ. ರಕ್ಷಣಾ ವ್ಯವಸ್ಥೆ ನಿಜವಾಗಿ ದುರ್ಬಲವಾದವರಿಗೆ ಈ ವೈರಸ್ ತಗುಲಿದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಸಿಕ್ಕಿದೆ. ಅಂಗಾಂಗ ಕಸಿಯಾಗಿ, ತಿರಸ್ಕಾರವನ್ನು ತಡೆಯುವ ಔಷಧಗಳನ್ನು ಸೇವಿಸುತ್ತಿದ್ದವರಲ್ಲಿ ‘ಇ’ ಜಾತಿಯ ಸೋಂಕು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವುದನ್ನು ಫ್ರಾನ್ಸಿನ ಟುಲೂಸ್ ನಗರದ ವೈದ್ಯರು 2008ರಲ್ಲಿ ತೋರಿಸಿದರು. ಅಲ್ಲಿ ರೋಗ ನಿಧಾನವಾಗಿ ಬೇರೂರುತ್ತದೆ. ಬಸುರಿಯಲ್ಲಾದರೋ ಒಂದೆರಡು ವಾರದಲ್ಲಿ ಸಿಡಿಯುತ್ತದೆ. ಎರಡೂ ಒಂದೇ ದೌರ್ಬಲ್ಯದ ಫಲವಾಗಿರಲಾರವು. ಲಖನೌ ಮತ್ತು ದೆಹಲಿಗಳಲ್ಲಿ ನಡೆದ ಅಧ್ಯಯನಗಳು ಇಂಥ ಬಸುರಿಯರಲ್ಲಿ ಮೊದಲು ಹೇಳಿದ ವ್ಯೂಹದ ಪಲ್ಲಟ ಅತಿಯಾಗಿರುವುದನ್ನೂ, ಹಾರ್ಮೋನುಗಳ ಮಟ್ಟ ಏರಿರುವುದನ್ನೂ ಕಂಡಿವೆ. ಹಿಂದೆ ಸರಿದ ದಳಗಳ ಅವಕಾಶದಲ್ಲಿ ವೈರಸ್ ಮಿತಿಮೀರಿ ಬೆಳೆಯುತ್ತದೆ, ಆಮೇಲೆ ದೇಹ ತಡವಾಗಿ, ಲಂಗುಲಗಾಮಿಲ್ಲದೆ ಮೇಲೆ ಬೀಳುತ್ತದೆ ಎಂಬುದು ಒಂದು ವಿವರಣೆ. ನನಗೆ ಇದು ಒಪ್ಪತಕ್ಕದ್ದಾಗಿ ತೋರುತ್ತದೆ. ಆದರೆ ಕೊನೆಯ ಮಾತಲ್ಲ. ಈಜಿಪ್ಟಿನಲ್ಲಿ ಈ ಸೋಂಕು ಬಹಳ ಹರಡಿದೆ, ಅಲ್ಲಿಯ ಬಸುರಿಯರು ಹೀಗೆ ಸಾಯುವುದು ಅಪರೂಪ. ಯೂರೋಪಿನಲ್ಲಿ ಹಂದಿಯ ಮಾಂಸದಿಂದ ಬರುವ ಇದೇ ವೈರಸ್ಸಿನ ಮೂರನೆಯ ತಳಿ ಬಸುರಿಯರನ್ನು ಹೀಗೆ ಕಾಡುವುದಿಲ್ಲ. ನಮ್ಮ ದೇಶದ ನೀರಿನಲ್ಲಿ ಬರುವುದು ಮೊದಲನೆಯ ತಳಿ. ಇದನ್ನು ಮಾಸಿನ ಅಂಗಾಂಶದ ಮೇಲೆ ಬಿಟ್ಟು ನೋಡಿದಾಗ ಅಲ್ಲಿಯೂ ಹುಲುಸಾಗಿ ಬೆಳೆದು ಕೋಶಗಳನ್ನು ಕೆಡಿಸಿತೆಂದೂ, ಮೂರನೆಯ ತಳಿ ಹಾಗೆ ಮಾಡಲಿಲ್ಲವೆಂದೂ 2018ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಎಂದರೆ ತಾಯಿಯ ದೇಹವನ್ನು ಮಾತ್ರ ದೂರುತ್ತಿದ್ದ ನಾವು ವೈರಸ್ಸಿನ ಜಾತಿಯನ್ನೂ, ಅದು ಬಂದ ನೀರನ್ನೂ ಕೇಳಬೇಕಾಗಿದೆ.

ಬಸುರಿಯ ಯಕೃತ್ತಿಗೆ ಬರುವ ತೊಂದರೆಗಳು ಇದೊಂದೇ ಅಲ್ಲ. ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ರಾತ್ರಿಯ ಹೊತ್ತು ಸಹಿಸಲಾಗದಷ್ಟು ತುರಿಸಿದರೆ ಅದು ಪಿತ್ತದ ಹರಿವು ತಡೆದುದರ ಲಕ್ಷಣವಿರಬಹುದು, ಮಗುವಿಗೆ ಅಪಾಯ. ರಕ್ತದೊತ್ತಡ ಏರಿ, ಬಲಪಕ್ಕೆಯ ಕೆಳಗೆ ನೋವು ಬಂದರೆ ಅದೂ ತುರ್ತಿನ ವಿಷಯ. ‘ಬಿ’ ಜಾತಿಯ ಹೆಪಟೈಟಿಸ್ ತಾಯಿಯನ್ನು ಅಷ್ಟಾಗಿ ಕಾಡದೆ ಹೆರಿಗೆಯಲ್ಲಿ ಮಗುವಿಗೆ ದಾಟುತ್ತದೆ. ಹುಟ್ಟುವಾಗ ಸೋಂಕು ತಗುಲಿದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಅದು ಬಹುಕಾಲ ಉಳಿಯುತ್ತದೆ. ಹುಟ್ಟಿದ 24 ಗಂಟೆಗಳ ಒಳಗೆ ಲಸಿಕೆ ಹಾಕಿಸಬೇಕೆನ್ನುವುದು ಇದಕ್ಕಾಗಿ.

ನಮ್ಮ ಕಡೆ ಕಾಮಾಲೆ ಎಂದರೆ ನೆಲನೆಲ್ಲಿ, ಪಥ್ಯ, ಕೈಗೆ ಬರೆ, ಮಂತ್ರಿಸಿದ ನೀರು. ಇವುಗಳಿಗೆ ಕೀರ್ತಿ ಬಂದದ್ದು ಸುಲಭವಾಗಿ. ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುವಾಗ, ಆ ದಿನಗಳಲ್ಲಿ ಏನು ಕೊಟ್ಟರೂ ಅದಕ್ಕೆ ಹೆಸರು ಬರುತ್ತದೆ. ನಾನು ಹಳೆಯ ವೈದ್ಯವನ್ನು ಹಗುರಾಗಿ ಕಾಣುವವನಲ್ಲ. ಆದರೆ ಬಸುರಿಯ ವಿಷಯದಲ್ಲಿ ಈ ಎರಡು ವಾರಗಳ ಪರೀಕ್ಷೆ ಪ್ರಾಣದ ಮೇಲೆ ನಡೆಯುವ ಪರೀಕ್ಷೆ. ಮೂತ್ರ ಹಳದಿಯಾಗಿ, ಕಣ್ಣು ಹಳದಿಯಾಗಿ, ವಾಂತಿ ನಿಲ್ಲದೆ ಹೋದರೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅವಳು ಹಗಲೆಲ್ಲ ಮಂಪರಿನಲ್ಲಿದ್ದರೆ, ಮಾತು ತಡವರಿಸಿದರೆ, ಒಸಡಿನಲ್ಲಿ ರಕ್ತ ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು. ಯಕೃತ್ತು ಸೋಲುತ್ತಿದೆ, ರಕ್ತ ಹೆಪ್ಪುಗಟ್ಟುವುದು ನಿಂತಿದೆ ಎಂದು ಅದರ ಅರ್ಥ. ಇತರರಲ್ಲಿ ಕೆಲವೊಮ್ಮೆ ಬಳಸುವ ರೈಬಾವಿರಿನ್ ಔಷಧ ಗರ್ಭಕ್ಕೆ ಹಾನಿಕರವಾದ್ದರಿಂದ ಬಸುರಿಗೆ ಕೊಡುವಂತಿಲ್ಲ. ಒಳ್ಳೆಯ ಆರೈಕೆಯೇ ಚಿಕಿತ್ಸೆ.

ಲಸಿಕೆ ಇಲ್ಲವೆ ಎಂದು ಕೇಳುವಿರಿ. ಉಂಟು, ಅದರ ಕಥೆ ಸ್ವಲ್ಪ ನಾಚಿಕೆಗೇಡಿನದು. ಮೊದಲ ಲಸಿಕೆಯನ್ನು ನೇಪಾಳದ ಸೈನ್ಯದಲ್ಲಿ ಪರೀಕ್ಷಿಸಿ, ನೂರಕ್ಕೆ ತೊಂಬತ್ತೈದರಷ್ಟು ರಕ್ಷಣೆ ಕೊಡುತ್ತದೆಂದು 2007ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದವರು ಬಹುತೇಕ ಎಲ್ಲರೂ ಗಂಡಸರು. ಆ ಲಸಿಕೆ ಮಾರುಕಟ್ಟೆಗೆ ಬರಲೇ ಇಲ್ಲ. ಚೀನಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಇನ್ನೊಂದು ಲಸಿಕೆಯನ್ನು ಪರೀಕ್ಷಿಸಿ 2011ರಲ್ಲಿ ಒಪ್ಪಿಗೆ ಕೊಟ್ಟರು. ಬಸುರಿಯರನ್ನು ಆ ಪರೀಕ್ಷೆಯಿಂದ ಹೊರಗಿಟ್ಟಿದ್ದರು. ಸಾಯುವವರು ಯಾರೋ ಅವರನ್ನೇ ಬಿಟ್ಟು ಮಿಕ್ಕವರಿಗೆಲ್ಲ ಪರೀಕ್ಷೆ! ಎಚ್ಚರಿಕೆಯ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಕಾಶ್ಮೀರದ ಲೆಕ್ಕ ಪ್ರಕಟವಾಗಿ ಆಗಲೇ ಮೂವತ್ತು ವರ್ಷ ಕಳೆದಿತ್ತು. ಮಾರಿ ಹಬ್ಬಿದ ಕಡೆ ಬಸುರಿಯರೂ ಸೇರಿದಂತೆ ಜನರಿಗೆ ಲಸಿಕೆಯನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದು ಕಾರ್ಯರೂಪಕ್ಕೆ ಬಂದದ್ದು 2022ರಲ್ಲಿ, ದಕ್ಷಿಣ ಸುಡಾನಿನ ಬೆಂಟಿಯುವಿನ ನಿರಾಶ್ರಿತರ ಶಿಬಿರದಲ್ಲಿ. ಅಲ್ಲಿ ಬಸುರಿಯರಿಗೂ ಕೊಟ್ಟರು. ಈ ನಡುವೆ ಬಾಂಗ್ಲಾದೇಶದ ಪರೀಕ್ಷೆಯಲ್ಲಿ, ಬಸುರಾಗುವ ಆಸುಪಾಸಿನಲ್ಲಿ ಅರಿಯದೆ ಲಸಿಕೆ ಪಡೆದವರಲ್ಲಿ ಗರ್ಭಸ್ರಾವ ಹೆಚ್ಚಿರಬಹುದೆಂಬ ಸಂಶಯ ಎದ್ದಿತು. ಬೆಂಟಿಯುವಿನ ಲೆಕ್ಕದಲ್ಲಿ ಅದು ಕಾಣಲಿಲ್ಲ. ವಿಚಾರ ಇನ್ನೂ ತೀರ್ಮಾನವಾಗಿಲ್ಲ.

ಆದ್ದರಿಂದ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ನೀರು. ದೆಹಲಿಯಲ್ಲಿ ಕ್ಲೋರಿನ್ನಿಗೆ ಬಗ್ಗದ ಈ ವೈರಸ್ ಕುದಿಯುವ ನೀರಿನಲ್ಲಿ ಉಳಿಯುವುದಿಲ್ಲ. ನಮ್ಮ ಸಂಪ್ರದಾಯದಲ್ಲಿ ಒಂದು ಸೂಕ್ಷ್ಮವಿದೆ. ಚೊಚ್ಚಲ ಬಸುರಿ ಏಳನೆಯ ತಿಂಗಳಿನಿಂದಾಚೆಗೆ, ಎಂದರೆ ಅಪಾಯದ ಕಾಲದಲ್ಲಿಯೇ, ಸೀಮಂತ ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ನೆಂಟರ ಮನೆಗಳಲ್ಲಿ ಕರೆದು ಊಟ ಹಾಕುತ್ತಾರೆ. ಪಾನಕ, ಮಜ್ಜಿಗೆ, ಹೋದಲ್ಲೆಲ್ಲ ಒಂದು ಲೋಟ ನೀರು. ಚರಂಡಿಯ ಪಕ್ಕದಲ್ಲಿ ನಲ್ಲಿಯ ಕೊಳವೆ ಹಾದ ಊರುಗಳು ನಮ್ಮಲ್ಲಿ ಎಷ್ಟೋ ಇವೆ. ಬಯಕೆಯ ಊಟಕ್ಕೆ ಎಲೆ ಹಾಕುವ ಮೊದಲು ಅವಳ ಪಾಲಿಗೆಂದು ಒಂದು ತಪ್ಪಲೆ ನೀರನ್ನು ಚೆನ್ನಾಗಿ ಮಳ್ಳಿಸಿ ಆರಿಸಿ, ಮುಚ್ಚಿ, ಬೇರೆಯಾಗಿ ಇಡಿ. ಅವಳಿಗೆ ಕೊಡುವ ಪಾನಕವನ್ನೂ ಮಜ್ಜಿಗೆಯನ್ನೂ ಅದೇ ನೀರಿನಲ್ಲಿ ಬೆರೆಸಿ.